ನೀರು ತಾಗಬಾರದು

ಜೂನ್ 5, 2025, ಗುರುವಾರ

ಕೃತಿಯ ಹಳೆಯ ಫಿಸಿಕ್ಸ್ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಇದ್ದವು. ಕಸಕ್ಕೆ ಹಾಕಲು ಹೊರಟಿದ್ದಳು, ನಾನು ತೆಗೆದಿಟ್ಟುಕೊಂಡೆ. ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಸೊಸೆ ರಂಜನಿ ಕೋಯಮತ್ತೂರಿನಲ್ಲಿ ತಮಿಳು ಓದಿದವಳು. ಮಗ ಗುರುಚರಣನಿಗೆ ಅಕ್ಷರ ಬರುತ್ತದೆ, ವ್ಯವಧಾನವಿಲ್ಲ. ಬಳ್ಳಾರಿಯಲ್ಲಿ ಎಸ್.ಎಸ್.ಎಲ್.ಸಿ. ಮಾಡಿದ ನಾನೊಬ್ಬಳೇ ಚೆನ್ನೈನ ಈ ಮನೆಯಲ್ಲಿ ಕನ್ನಡ ಬರೆಯುವವಳು. ಹಾಗಾಗಿ ಇಲ್ಲಿ ಬರೆದದ್ದಕ್ಕೆ ಬೇರೆ ಬೀಗ ಬೇಡ.

ಇಂದು ನನ್ನ ಎದೆಯ ಬಲಭಾಗದಲ್ಲಿ, ಕೊರಳ ಎಲುಬಿನ ಕೆಳಗೆ, ಚರ್ಮ ಸೀಳಿ ಒಂದು ವಸ್ತುವನ್ನಿಟ್ಟು ಹೊಲಿದರು. ಪೋರ್ಟ್ ಎನ್ನುತ್ತಾರೆ. ಅದರಿಂದ ಹೊರಟ ಸಣ್ಣ ಕೊಳವೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದೊಳಗೆ ಇಳಿದಿದೆಯಂತೆ. ಏಪ್ರಿಲ್‌ನಲ್ಲಿ ಕರುಳಿನ ಗಡ್ಡೆ ತೆಗೆದಾಯಿತು. ಅಳಿದುಳಿದದ್ದೂ ಸಾಯಲಿ ಎಂದು ಹನ್ನೆರಡು ಸಲ ಕೀಮೋ. ಎರಡು ವಾರಕ್ಕೊಮ್ಮೆ ಮಂಗಳವಾರ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಧ್ಯಾಹ್ನದವರೆಗೆ ಔಷಧ ಕೊಡುತ್ತಾರೆ. ಆಮೇಲೆ ಸೂಜಿಯನ್ನು ಹಾಗೇ ಬಿಟ್ಟು, ಅದಕ್ಕೊಂದು ಬಾಟಲಿ ಜೋಡಿಸಿ ಮನೆಗೆ ಕಳಿಸುತ್ತಾರೆ. ಗುರುವಾರ ಹೋಗಿ ಸೂಜಿ ತೆಗೆಸಿಕೊಳ್ಳಬೇಕು. ಆ ಎರಡು ದಿನ ಆ ಜಾಗಕ್ಕೆ ನೀರು ತಾಗಬಾರದು.

ಮುಟ್ಟಿ ನೋಡಿದೆ. ದೇವರ ಪೆಟ್ಟಿಗೆಯಲ್ಲಿರುವ ಚಿಕ್ಕ ಸಾಲಿಗ್ರಾಮದಷ್ಟು ಉಬ್ಬಿದೆ. ಹಾಗೆ ಹೋಲಿಸಬಾರದು. ಬರೆದದ್ದು ಬರೆದಾಯಿತು.

ಕೃತಿ ಕಣ್ಣರಳಿಸಿ ನೋಡಿ, "ಅಜ್ಜಿಗೆ ಚಾರ್ಜಿಂಗ್ ಪಾಯಿಂಟ್ ವೆಚ್ಚುಟ್ಟಾಂಗ!" ಎಂದು ತಮಿಳಿನಲ್ಲಿ ಕೂಗಿ ನಕ್ಕಳು. ಅಜ್ಜಿಗೆ ಚಾರ್ಜಿಂಗ್ ಪಾಯಿಂಟ್ ಇಟ್ಟುಬಿಟ್ಟರಂತೆ. ಮನೆಯಲ್ಲಿ ಕನ್ನಡ ಮಾತಾಡು ಎಂದೆ. "ಚಾರ್ಜಿಂಗ್ ಪಾಯಿಂಟ್‌ಗೆ ಕನ್ನಡದಲ್ಲಿ ಏನಜ್ಜಿ?" ಎಂದಳು.

ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಯಜಮಾನರ ಶ್ರಾದ್ಧ ಶ್ರಾವಣ ಬಹುಳ ಪಂಚಮಿ, ಆಗಸ್ಟ್ 13. ನನ್ನ ಸೂಜಿಯ ದಿನಗಳು ಆಗಸ್ಟ್ 5 ಮತ್ತು 19ಕ್ಕೆ ಬರುತ್ತವೆ. ನಡುವೆ ಬಿಡುವು. ಅವರು ಹೋಗಿ ಹನ್ನೊಂದು ವರ್ಷ. ಒಂದು ವರ್ಷವೂ ಅವರ ತಿಥಿಯ ಅಡುಗೆಗೆ ಇನ್ನೊಬ್ಬರ ಕೈ ತಾಗಿಲ್ಲ. ಈ ವರ್ಷವೂ ತಾಗುವುದಿಲ್ಲ.

ಜೂನ್ 10, ಮಂಗಳವಾರ

ಮೊದಲನೆಯ ಕೀಮೋ.

ನರ್ಸಿನ ಹೆಸರು ಸೆಲ್ವಿ. ಮೂವತ್ತು ದಾಟಿರಲಾರದು. ನನ್ನ ಹತ್ತಿರ ಬರುವ ಮೊದಲು ಮೊಳಕೈವರೆಗೆ ಕೈ ತೊಳೆದಳು. ಪೊಟ್ಟಣ ಬಿಚ್ಚುವಾಗ ಹೊರಗಿನ ಕಾಗದ ಮುಟ್ಟಿದ ಬೆರಳು ಒಳಗಿನ ನೀಲಿ ಬಟ್ಟೆಯನ್ನು ಮುಟ್ಟಲಿಲ್ಲ. ಗ್ಲೌಸು ಹಾಕಿಕೊಂಡ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಳು. ನಮ್ಮತ್ತೆ ದೇವರ ಮನೆಯಿಂದ ಅಡುಗೆಮನೆಗೆ ನಡೆಯುವಾಗ ಕೈಗಳನ್ನು ಹಾಗೇ ಹಿಡಿದಿರುತ್ತಿದ್ದರು.

ಅಷ್ಟರಲ್ಲಿ ಗುರುಚರಣ ತನ್ನ ಫೋನನ್ನು ಆ ನೀಲಿ ಬಟ್ಟೆಯ ಅಂಚಿನಲ್ಲಿ ಇಟ್ಟುಬಿಟ್ಟ.

"ಸಾರ್!" ಎಂದು ಕೂಗಿದಳು. ಇಡೀ ತಟ್ಟೆಯನ್ನು ಎತ್ತಿ ಕಸದ ಡಬ್ಬಿಗೆ ಸುರಿದಳು.

"ತುದಿ ತಾನೇ ಸಿಸ್ಟರ್ ತಾಗಿದ್ದು," ಎಂದ ಇವನು, ಪೆಚ್ಚಾಗಿ.

"ತುದಿಯೂ ತಾಗಬಾರದು ಸಾರ್. ವೆಳಿಯೆ ಪೋಂಗೊ." ಹೊರಗೆ ಹೋಗಿ ಎಂದಳು.

ಐವತ್ತೆರಡು ವರ್ಷದಿಂದ ನಾನು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಹೇಳುತ್ತಿರುವ ಮಾತು! ಮತ್ತೆ ಕೈ ತೊಳೆದು, ಹೊಸ ಪೊಟ್ಟಣ ಬಿಚ್ಚಿ, "ಮೊಗತ್ತ ಅಂದ ಪಕ್ಕಂ ತಿರುಪ್ಪುಂಗ ಪಾಟಿ, ಪೇಸಾದೀಂಗ" ಎಂದಳು. ಮುಖ ಆಚೆ ತಿರುಗಿಸಿ ಅಜ್ಜಿ, ಮಾತಾಡಬೇಡಿ. ನನ್ನ ಉಸಿರೂ ಅದರ ಮೇಲೆ ಬೀಳಬಾರದಂತೆ. ತಿರುಗಿಸಿದೆ. ಈ ಹುಡುಗಿಗೆ ಮಡಿ ಗೊತ್ತಿದೆ.

ಸೂಜಿ ಒಳಗಿಳಿದು ಪೋರ್ಟಿನ ತಳಕ್ಕೆ ತಾಗಿದಾಗ ಟಕ್ ಎಂದ ಹಾಗಾಯಿತು. ಸಿರಿಂಜಿನಲ್ಲಿ ರಕ್ತ ಬಂತು. ಬಂದರೆ ದಾರಿ ಸರಿಯಿದೆ ಎಂದರ್ಥ.

ಮನೆಗೆ ಬಂದ ಬಾಟಲಿ ಒಂದು ಗೇಣುದ್ದವಿದೆ. ಒಳಗೊಂದು ಬಲೂನು. ಅದು ಸೊರಗುತ್ತಾ ಔಷಧವನ್ನು ಒಳಗೆ ತಳ್ಳುತ್ತದೆ. ಕೃತಿ ತನ್ನ ಪೆನ್ಸಿಲಿನ ಚೀಲಕ್ಕೆ ದಾರ ಕಟ್ಟಿ ಬಾಟಲಿಯನ್ನು ಅದರಲ್ಲಿಟ್ಟು ನನ್ನ ಕೊರಳಿಗೆ ಹಾಕಿದಳು.

ಜೂನ್ 12, ಗುರುವಾರ

ಎರಡು ದಿನ ಸ್ನಾನವಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆ. ಅದು ಸ್ನಾನವಲ್ಲ. ದೇವರ ಮನೆಯ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕುಳಿತೆ. ನೈವೇದ್ಯಕ್ಕೆ ರಂಜನಿ, "ನಾನು ಸ್ನಾನ ಮಾಡಿ ಅನ್ನ ಇಡ್ಲಾ ಅತ್ತೆ?" ಎಂದಳು. ಬೇಡ, ಹಾಲು ಕಲ್ಲುಸಕ್ಕರೆ ಸಾಕು ಎಂದೆ. ಅವಳು ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೆಳಿಗ್ಗೆ ಏಳಕ್ಕೆ ಕಂಪನಿಯ ವ್ಯಾನು ಬರುತ್ತದೆ. ದಿನವಿಡೀ ಎಣ್ಣೆ ಹತ್ತಿದ ಕಬ್ಬಿಣ ಅಳೆಯುವ ಕೈ. ಹದಿನಾರು ವರ್ಷದಿಂದ ನಮ್ಮ ಮನೆಯಲ್ಲಿದ್ದಾಳೆ. ಹೊರಗಿನ ಒಲೆ ಅವಳದು, ಮಡಿ ಒಲೆ ನನ್ನದು. ಇಬ್ಬರಿಗೂ ತಕರಾರಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಅವಳೊಂದು ಚಾರ್ಟು ಅಂಟಿಸಿದ್ದಾಳೆ. ಬೆಳಿಗ್ಗೆ, ಸಂಜೆ ನನ್ನ ಜ್ವರ ಅಳೆದು ಚುಕ್ಕೆ ಇಡಬೇಕು. 100.4ರಲ್ಲಿ ಕೆಂಪು ಗೆರೆ. "ಈ ಗೆರೆ ಮುಟ್ಟಿದ್ರೆ ಯಾವ ಹೊತ್ತಾದ್ರೂ ಸರಿ, ಆಸ್ಪತ್ರೆಗೆ ಅತ್ತೆ. ಪೋರ್ಟು ನೇರ ಹಾರ್ಟ್ ಹತ್ರ ಹೋಗಿದೆ. ಅಲ್ಲಿ ಏನಾದ್ರೂ ಸೇರ್ಕೊಂಡ್ರೆ ಟೈಮ್ ಇರಲ್ಲ."

ನನ್ನ ಮೈಯನ್ನೂ ಅವಳ ಫ್ಯಾಕ್ಟರಿಯ ಯಂತ್ರ ಮಾಡಿಕೊಂಡಿದ್ದಾಳೆ. ಆದರೂ ಬರೆಯುತ್ತೇನೆ. 98.2.

ಜೂನ್ 24, ಮಂಗಳವಾರ

ಪಕ್ಕದ ಕುರ್ಚಿಯಲ್ಲಿ ಅಂಬುಜಾ ಎಂಬವರು. ಕುಂದಾಪುರದ ಕಡೆಯವರು, ಇಲ್ಲಿ ಅವರ ಮನೆಯವರದು ಹೋಟೆಲು. ನಾನು ಕನ್ನಡದಲ್ಲಿ ಗುರುಚರಣನನ್ನು ಬೈಯುವುದು ಕೇಳಿ ಪರಿಚಯ ಮಾಡಿಕೊಂಡರು. ಕೈ ಚಾಚಿ ತೋರಿಸಿದರು. ಮುಂಗೈಯಿಂದ ಮೊಳಕೈವರೆಗೆ ನರಗಳು ಸೀದ ಬಾಳೆನಾರಿನ ಹಾಗೆ ಕಪ್ಪಾಗಿದ್ದವು.

"ಇದು ಎಂತ ಆಯ್ತು ಗೊತ್ತುಂಟಾ ಅಮ್ಮ? ನಂದು ಪೋರ್ಟಿಗೆ ಇನ್‌ಫೆಕ್ಷನ್ ಆಗಿ ತೆಗ್ದ್ರು. ಮತ್ತೆ ಕೈಗೇ ಚುಚ್ಚಿದ್ದು. ಔಷಧ ಹೋಗುವಾಗ ಒಳಗೆ ಬೆಂಕಿ ಹಾಕಿದ ಹಾಗೆ. ನೀವು ಅದನ್ನು ಚೆಂದ ನೋಡಿಕೊಳ್ಳಿ ಮಾರಾಯ್ರೆ. ಮಗಳಿಗಿಂತ ಜಾಸ್ತಿ."

ನನಗೆ ಮಗಳಿಲ್ಲ ಎಂದೆ.

"ಸೊಸೆ ಇಲ್ವಾ?"

"ಇದ್ದಾಳೆ."

"ಹಾಗಾದ್ರೆ ಸೊಸೆಗಿಂತ ಜಾಸ್ತಿ," ಎಂದು ತಾವೇ ನಕ್ಕರು. ಅಷ್ಟು ಸದರ ನನಗೆ ಹಿಡಿಸುವುದಿಲ್ಲ. ಆದರೆ ಆ ಕೈ ಕಣ್ಣಿನಿಂದ ಹೋಗುತ್ತಿಲ್ಲ.

ಜುಲೈ 8, ಮಂಗಳವಾರ

ಮೂರನೆಯದು. ತಣ್ಣಗಿನದನ್ನು ಮುಟ್ಟಿದರೆ ಬೆರಳ ತುದಿಗೆ ಸಾವಿರ ಸೂಜಿ. ಸ್ಟೀಲ್ ತಂಬಿಗೆ ಹಿಡಿಯಲಾಗದು. ನೀರು ಕುಡಿದರೆ ಗಂಟಲು ಬಿಗಿಯುತ್ತದೆ. ಔಷಧದ ಗುಣವಂತೆ, ನಾಲ್ಕೈದು ದಿನ ಇರುತ್ತದಂತೆ.

ಯಾರಿಗೂ ಹೇಳಲಿಲ್ಲ. ಕೈಗೆ ಸೆರಗು ಸುತ್ತಿಕೊಂಡು ತಂಬಿಗೆ ಎತ್ತಿದೆ.

ಜುಲೈ 22, ಮಂಗಳವಾರ

ಕೀಮೋ ಆಗಲಿಲ್ಲ. ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾಗಿವೆ, ಒಂದು ವಾರ ಬಿಟ್ಟು ಬನ್ನಿ ಎಂದರು. ಗುರುಚರಣ ಅದೇನೋ ಸಮಾಧಾನ ಹೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ಬೆರಳಿನಲ್ಲಿ ಎಣಿಸುತ್ತಿದ್ದೆ. ಇಪ್ಪತ್ತೊಂಬತ್ತಕ್ಕೆ ನಾಲ್ಕನೆಯದಾದರೆ ಐದನೆಯದು ಆಗಸ್ಟ್ 12. ಹದಿಮೂರಕ್ಕೆ ತಿಥಿ. ಅಂದು ನನ್ನ ಎದೆಯಲ್ಲಿ ಸೂಜಿ ಇರುತ್ತದೆ.

ಕಾರಿನಲ್ಲಿ ಅವನಿಗೂ ಹೊಳೆಯಿತು. "ಅಮ್ಮಾ, ಅಪ್ಪಂದು ತಿಥಿ ಬರತ್ತಲ್ಲ. ಡಾಕ್ಟರ್ ಹತ್ರ ಎರಡು ದಿನ ಲೇಟಾಗಿ ಇಟ್ಕೊಳ್ಳಿ ಅಂತ ಕೇಳ್ಲಾ?"

"ನಿಮ್ಮಪ್ಪನ ತಿಥಿ ಮಾಡೋಕೆ ಇನ್ನೊಬ್ಬರ ಅಪ್ಪಣೆ ಬೇಕೇನೋ?"

"ಅಪ್ಪಣೆ ಅಲ್ಲಮ್ಮ, ಒಂದ್ಮಾತು ಕೇಳೋದು."

"ಕೇಳಕೂಡದು. ನಾನೂ ಕೇಳಲ್ಲ."

ಈ ಮನೆಗೆ ಬಂದಾಗಿನಿಂದ ನಾನು ಯಾರ ಮುಂದೆಯೂ ನಿಂತು ಏನನ್ನೂ ಕೇಳಿದವಳಲ್ಲ. ಯಜಮಾನರ ಹತ್ತಿರವೂ ಕೇಳಿಲ್ಲ.

ಆಗಸ್ಟ್ 6, ಬುಧವಾರ

ಈ ದಿನ ರಂಜನಿ ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೊಸ್ತಿಲು ದಾಟಲಿಲ್ಲ.

"ಅತ್ತೆ, ಹದಿಮೂರಕ್ಕೆ ನಾನು ಲೀವ್ ಹಾಕಿದ್ದೀನಿ. ತಲೆಗೆ ನೀರು ಹಾಕ್ಕೊಂಡು ಮಡಿ ಉಟ್ಟು ನಾನೇ ಅಡುಗೆ ಮಾಡ್ತೀನಿ. ನೀವು ಇಲ್ಲಿ ಕುರ್ಚಿ ಹಾಕ್ಕೊಂಡು ಹೇಳಿ ಸಾಕು. ಏನು ಹೇಳಿದ್ರೂ ಹಾಗೇ ಮಾಡ್ತೀನಿ."

"ತಿಥಿಯ ಅಡುಗೆಯನ್ನು ರುಚಿ ನೋಡುವ ಹಾಗಿಲ್ಲ. ಉಪ್ಪು ಕೈಯಳತೆ. ನಿನಗೆ ಎಲ್ಲದಕ್ಕೂ ಅಳೆಯುವ ಗೇಜು ಬೇಕು."

"ಕಲೀತೀನಿ."

"ಹದಿನಾರು ವರ್ಷ ಕಲಿಯದ್ದು ಒಂದು ವಾರದಲ್ಲಿ ಕಲಿತೀಯಾ?"

"ಹದಿನಾರು ವರ್ಷ ನೀವು ಒಳಗೆ ಕರೀಲಿಲ್ಲ ಅತ್ತೆ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಉತ್ತರ ಕೊಡುತ್ತಿದ್ದೆ.

ನನ್ನ ನಾಲಿಗೆಗೆ ಎಲ್ಲವೂ ತಗಡಿನ ರುಚಿಯಾಗಿ ಒಂದು ತಿಂಗಳಾಯಿತು. ತಿಥಿಯ ಅಡುಗೆಗೆ ಅದೊಂದು ಅಡ್ಡಿಯಲ್ಲ. ಕೈ ಇದೆಯಲ್ಲ.

ಆಗಸ್ಟ್ 12, ಮಂಗಳವಾರ

ಐದನೆಯದು. ಡಾಕ್ಟರು ಬಂದು, "ಏನಾದ್ರೂ ಕೇಳ್ಬೇಕಾ ಅಮ್ಮಾ?" ಎಂದರು. ದಿನವೂ ಎಲ್ಲರನ್ನೂ ಕೇಳುವ ಮಾತು. ಗುರುಚರಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಸೆಲ್ವಿ ಸೂಜಿಯ ಮೇಲೆ ಪಾರದರ್ಶಕ ಪ್ಲಾಸ್ಟರು ಅಂಟಿಸಿ ನಾಲ್ಕೂ ಅಂಚನ್ನು ಬೆರಳಿನಿಂದ ಒತ್ತಿದಳು. "ನೀರು ತಾಗಬಾರದು ಪಾಟಿ."

ಪ್ರತಿ ಸಲವೂ ಹೇಳುತ್ತಾಳೆ.

ಆಗಸ್ಟ್ 13, ಬುಧವಾರ

ಶ್ರಾದ್ಧ ಆಯಿತು. ಬರೆಯುವಷ್ಟು ಶಕ್ತಿ ಇದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಹಾಲಿನ ಕವರನ್ನು ಸೀಳಿ ತೊಳೆದು ಒರೆಸಿ ಪ್ಲಾಸ್ಟರಿನ ಮೇಲಿಟ್ಟು ಸುತ್ತಲೂ ಟೇಪು ಅಂಟಿಸಿದೆ. ಬಾಟಲಿಯ ಚೀಲವನ್ನು ಬಚ್ಚಲಿನ ಟವೆಲಿನ ಕೊಂಡಿಗೆ ನೇತುಹಾಕಿದೆ. ಅಲ್ಲಿಂದ ನನ್ನ ಎದೆಗೆ ಕೊಳವೆ. ಕರುವನ್ನು ಕಟ್ಟಿಹಾಕಿದ ಹಾಗೆ ನಿಂತುಕೊಂಡು ಸ್ನಾನ ಮಾಡಿದೆ. ತಲೆಗೆ ನೀರು ಬೀಳದೆ ಮಡಿಯಾಗದು. ಮೊದಲನೆಯ ತಂಬಿಗೆಗೆ ಹಲ್ಲು ಕಚ್ಚಿಕೊಂಡೆ. ನಿನ್ನೆಯ ಔಷಧ, ನೀರು ಮೈಮೇಲೆ ಗಾಜಿನ ಪುಡಿಯ ಹಾಗೆ ಇಳಿಯಿತು. ಏಳು ತಂಬಿಗೆ ಹಾಕಿಕೊಂಡೆ.

ಕವರು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಒಳಗೆ ನೀರು ಹೋಗಿತ್ತು. ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ ಮೇಲೊಂದು ಪ್ಲಾಸ್ಟರು ಹಚ್ಚಿದೆ. ಗಂಗೆ ಎಂದು ಹೆಸರಿಟ್ಟು ಹಾಕಿಕೊಂಡ ನೀರು. ಅದರಿಂದ ಏನು ಕೆಡುಕಾದೀತು?

ರಂಜನಿ ಎದ್ದು ಬಂದಾಗ ನಾನು ಮಡಿಯುಟ್ಟು ಉದ್ದು ರುಬ್ಬುತ್ತಿದ್ದೆ. ನನ್ನ ತಲೆಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೋಡಿದಳು. ಅವಳ ಬಾಯಿ ತೆರೆಯಿತು.

"ಒಂದೂ ಮಾತಾಡಬೇಡ," ಎಂದೆ. "ಈ ದಿನ ಬೇಡ."

ಆಚಾರ್ಯರು ವಡೆ ಎರಡು ಸಲ ಹಾಕಿಸಿಕೊಂಡರು. "ನಿಮ್ಮ ಕೈ ಹಾಗೇ ಇದೆ ಭೀಮಾಬಾಯಿ," ಎಂದರು. ಹಾಗೇ ಇದೆ.

98.8.

ಆಗಸ್ಟ್ 14, ಗುರುವಾರ

ಸೂಜಿ ತೆಗೆದರು. ರಂಜನಿಯೇ ಜೊತೆಗೆ ಬರುತ್ತೇನೆ ಎಂದಳು, ಬೇಡವೆಂದು ಗುರುಚರಣನನ್ನು ಕರೆದುಕೊಂಡು ಹೋದೆ. ಸೆಲ್ವಿ ಮೇಲಿನ ಪ್ಲಾಸ್ಟರು ಕಿತ್ತು, ಕೆಳಗಿನದನ್ನು ಕಿತ್ತು, ಹತ್ತಿಯನ್ನು ಬೆಳಕಿಗೆ ಹಿಡಿದಳು.

"ಎನ್ನ ಪಾಟಿ, ಈರಮಾ ಇರುಕ್ಕು?" ಇದೇನು ಒದ್ದೆಯಾಗಿದೆ?

"ಬೆವರು," ಎಂದೆ.

ಅವಳು ನನ್ನನ್ನೇ ನೋಡಿದಳು. ಚೆನ್ನೈನಲ್ಲಿ ಆಗಸ್ಟ್ ತಿಂಗಳ ಬೆವರು ಸುಳ್ಳಲ್ಲ. ಆದರೆ ನಾನು ಹೇಳಿದ್ದು ಸುಳ್ಳು. ಆ ಜಾಗವನ್ನು ಮೂರು ಸಲ ಔಷಧ ಹಚ್ಚಿ ಒರೆಸಿದಳು. ಜ್ವರ ಬಂದರೆ ಆ ಕ್ಷಣ ಬನ್ನಿ ಎಂದು ಎರಡು ಸಲ ಹೇಳಿದಳು. ಹ್ಞೂಂ ಎಂದೆ.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ 99.9. ಸಂಜೆ 100.8.

ಫ್ರಿಜ್ಜಿನ ಮೇಲೆ ಎರಡು ಸಲವೂ 98.6 ಎಂದು ಬರೆದೆ.

ಇಂದು ಹೇಳಿದರೆ ಎಲ್ಲರೂ ಏನೆಂದಾರು? ಯಜಮಾನರ ತಿಥಿ ಮಾಡಲು ಹೋಗಿ ಮುದುಕಿ ಜ್ವರ ತಂದುಕೊಂಡಳು ಎಂದಾರು. ಅವರ ಹೆಸರಿಗೆ ಆ ಮಾತು ಅಂಟಬಾರದು. ಎರಡು ದಿನದಲ್ಲಿ ತಾನೇ ಇಳಿಯುತ್ತದೆ. ಕೊತ್ತಂಬರಿ ಕಷಾಯ ಕುಡಿದೆ.

ಆಗಸ್ಟ್ 16, ಶನಿವಾರ

ಗೋಕುಲಾಷ್ಟಮಿ. ಉಪವಾಸ ಎಂದುಬಿಟ್ಟೆ. ಊಟ ಯಾಕೆ ಮಾಡಲಿಲ್ಲ ಎಂದು ಯಾರೂ ಕೇಳಲಿಲ್ಲ.

101.2. ಸಂಜೆ 101.6.

ಚಾರ್ಟಿನಲ್ಲಿ 98.6, 98.6.

ಪೋರ್ಟಿನ ಸುತ್ತ ಕೆಂಪಾಗಿದೆ. ಸೆರಗನ್ನು ಬಲಭುಜದ ಮೇಲೂ ಹೊದ್ದು ಕುಳಿತೆ. ಕೃತಿ ಕೃಷ್ಣನ ಹೆಜ್ಜೆ ಬಿಡಿಸುತ್ತಾ ಹತ್ತಿರ ಬಂದಳು. ಮಡಿಯಲ್ಲಿದ್ದೇನೆ, ದೂರ ಎಂದೆ. ಮೈಸುಡುವುದು ಅವಳಿಗೆ ಗೊತ್ತಾಗಬಾರದೆಂದೇ ಹೇಳಿದೆ. ಮಡಿಯನ್ನು ಇದಕ್ಕೆ ಉಪಯೋಗಿಸಿದ್ದು ಇದೇ ಮೊದಲು.

ಅಂಬುಜಾ ಅವರ ಕೈ ನೆನಪಾಗುತ್ತಿದೆ.

ಆಗಸ್ಟ್ 17, ಭಾನುವಾರ

101.8. ಚಾರ್ಟು 98.6.

ಚಳಿ. ಕೈ ನಡುಗಿ ಅಕ್ಷರ ಕೂಡುತ್ತಿಲ್ಲ.

ಆಗಸ್ಟ್ 21, ಗುರುವಾರ. ಆಸ್ಪತ್ರೆ

ಭಾನುವಾರ ಮನೆಗೆ ಹೋಗಿದ್ದ ಪುಸ್ತಕವನ್ನು ಕೃತಿ ಮತ್ತೆ ತಂದುಕೊಟ್ಟಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾನುವಾರ ಮಧ್ಯಾಹ್ನ ಗುರುಚರಣ, ಕೃತಿ ಮಠಕ್ಕೆ ಹೋಗಿದ್ದರು. ನಾನು ದೇವರ ಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದೆ. ಅಲ್ಲಿಗೆ ಯಾರೂ ಬರುವುದಿಲ್ಲವೆಂದೇ ಹೋಗಿದ್ದು. ರಂಜನಿ ಹೊಸ್ತಿಲಾಚೆ ಬಂದು ನಿಂತಳು. ಕೈಯಲ್ಲಿ ಫ್ರಿಜ್ಜಿನಿಂದ ಕಿತ್ತ ಚಾರ್ಟು.

"ಅತ್ತೆ, ಒಂದು ಕೇಳ್ಲಾ?"

"ಕೇಳು."

"ಶುಕ್ರವಾರ ಎರಡು, ನಿನ್ನೆ ಎರಡು, ಇವತ್ತೊಂದು. ಐದೂ 98.6. ಅದಕ್ಕೆ ಮುಂಚೆ ಎರಡು ತಿಂಗಳಲ್ಲಿ ಒಂದು ಸಲವಾದ್ರೂ ಸಾಲಾಗಿ ಒಂದೇ ನಂಬರ್ ಬಂದಿಲ್ಲ."

"ಮೈ ಸರಿಯಾಗಿದೆ ಅಂತ ಅರ್ಥ."

"ನಮ್ಮ ಫ್ಯಾಕ್ಟ್ರೀಲಿ ಐದು ರೀಡಿಂಗ್ ಹಿಂಗೆ ಒಂದೇ ಬಂದ್ರೆ, ಮೆಷಿನ್ ಸರಿಯಾಗಿದೆ ಅನ್ನಲ್ಲ ಅತ್ತೆ. ಆಪರೇಟರ್ ಅಳೀಲೇ ಇಲ್ಲ, ಕೂತ್ಕೊಂಡು ಬರ್ದಿದ್ದಾನೆ ಅಂತೀವಿ."

"ನಾನು ನಿನ್ನ ಆಪರೇಟರೇನೇ?"

"ಅಲ್ಲ. ಆಗಿದ್ರೆ ಇಷ್ಟೊತ್ತಿಗೆ ಬೈದಿರ್ತಿದ್ದೆ." ಒಂದು ಹೆಜ್ಜೆ ಮುಂದಿಟ್ಟಳು.

"ನಿಲ್ಲು. ಮಡಿಯಲ್ಲಿದ್ದೀನಿ. ಮುಟ್ಟಬೇಡ."

ನಿಂತಳು. ನನ್ನ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಹೊರಟುಹೋದಳು. ಗೆದ್ದೆ ಎಂದುಕೊಂಡೆ. ಕಣ್ಣು ಮುಚ್ಚಿದೆ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಒಂದರ ಮೇಲೊಂದು ತಂಬಿಗೆ, ಬಿಡುವಿಲ್ಲದೆ.

ಕಣ್ಣು ಬಿಟ್ಟಾಗ ಅವಳು ಹೊಸ್ತಿಲಲ್ಲಿದ್ದಳು. ಉಟ್ಟ ಸೀರೆಯ ಮೇಲೆಯೇ ತಲೆಯಿಂದ ನೀರು ಹಾಕಿಕೊಂಡು ಬಂದಿದ್ದಳು. ಒದ್ದೆ ಕೂದಲು ಕೆನ್ನೆಗೆ ಅಂಟಿತ್ತು. ಸೀರೆಯಿಂದ ನೀರಿಳಿದು ಹೊಸ್ತಿಲ ರಂಗೋಲಿ ಕರಗುತ್ತಿತ್ತು. ಕೈಯಲ್ಲಿ ಥರ್ಮಾಮೀಟರು. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು.

"ಈಗ ಮುಟ್ಟಬಹುದಾ ಅತ್ತೆ?"

ನನ್ನ ಹತ್ತಿರ ಇನ್ನು ಯಾವ ನಿಯಮವೂ ಉಳಿದಿರಲಿಲ್ಲ. ಹುಡುಕಿದೆ. ಇರಲಿಲ್ಲ.

103.1.

ಅವಳು ಬೈಯಲಿಲ್ಲ. ಸೆರಗು ಸರಿಸಿ ಪೋರ್ಟಿನ ಜಾಗ ನೋಡಿದಳು, ಅವಳ ತುಟಿ ಬಿಗಿಯಿತು, ಅಷ್ಟೆ. ನನ್ನ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಎರಡು ಮಹಡಿ ಇಳಿಸಿ, ಆಟೋ ಹತ್ತಿಸಿದಳು. ಸೀರೆ ಬದಲಿಸಲಿಲ್ಲ, ಚಾರ್ಟನ್ನು ಮಾತ್ರ ಎತ್ತಿಕೊಂಡಳು. ಆಟೋದವನು ಸೀಟು ಒದ್ದೆಯಾಗುತ್ತೆ ಎಂದು ಗೊಣಗಿದ. "ವಂಡಿಯೆ ಓಟ್ಟುಂಗ ಅಣ್ಣಾ!" ಎಂದು ಅವಳು ಹಾಕಿದ ಕೂಗಿಗೆ ಅವನು ಆಮೇಲೆ ಉಸಿರೆತ್ತಲಿಲ್ಲ. ಗಾಡಿ ಓಡಿಸಿ ಎಂದಷ್ಟೇ ಅವಳು ಹೇಳಿದ್ದು. ಆದರೆ ಆ ದನಿ ನನ್ನದಾಗಿತ್ತು. ದಾರಿಯುದ್ದಕ್ಕೂ ಅವಳ ಒದ್ದೆ ತೋಳು ನನ್ನ ಬೆನ್ನ ಹಿಂದೆ ಇತ್ತು. ಸುಡುವ ಮೈಗೆ ಹಿತವಾಗಿತ್ತು ಎಂದು ಬರೆಯಬಾರದೇಕೆ, ಹಿತವಾಗಿತ್ತು.

ಎಮರ್ಜೆನ್ಸಿಯ ಡಾಕ್ಟರು, ಜ್ವರ ಯಾವಾಗಿನಿಂದ ಎಂದರು. ರಂಜನಿ ಕೈಯಲ್ಲಿದ್ದ ಚಾರ್ಟು ನೋಡಿದಳು, ಅದನ್ನು ಕೊಡಲಿಲ್ಲ. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಈ ಪುಸ್ತಕ ತೆಗೆದು ಕೊಟ್ಟೆ. ಅಂಕಿಗಳನ್ನು ಓದಲು ಕನ್ನಡ ಬೇಕಿಲ್ಲ. ಡಾಕ್ಟರು ಒಂದೊಂದೇ ಹಾಳೆ ತಿರುವಿ ಅಂಕಿಗಳನ್ನು ಬರೆದುಕೊಂಡರು. ರಂಜನಿ ಅವರ ಭುಜದ ಮೇಲಿಂದ ಓದಿದಳು. ನಾನು ಗೋಡೆ ನೋಡಿದೆ.

ಆ ಏಸಿಯಲ್ಲಿ ಒದ್ದೆ ಸೀರೆಯಲ್ಲಿ ಗಡಗಡ ನಡುಗುತ್ತಾ ಕೂತಿದ್ದಳಂತೆ. ಗುರುಚರಣ ಬಂದು ಒಣಬಟ್ಟೆ ಕೊಡುವವರೆಗೆ.

ಆಗಸ್ಟ್ 22, ಶುಕ್ರವಾರ

ಪೋರ್ಟಿನ ಕೊಳವೆಯಲ್ಲಿ ಕ್ರಿಮಿ ಸೇರಿ ರಕ್ತಕ್ಕೆ ಇಳಿದಿತ್ತು. ಮೊನ್ನೆ ಪೋರ್ಟನ್ನು ತೆಗೆದುಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು. ಅರ್ಧ ಮಾತೇ ಸಾಕಾಯಿತು. ಈಗ ಆ್ಯಂಟಿಬಯೋಟಿಕ್ ಕೈಯ ನರಕ್ಕೆ ಹೋಗುತ್ತಿದೆ. ಮೂರು ಸಲ ಚುಚ್ಚಿದ ಮೇಲೆ ಸಿಕ್ಕಿತು.

ಪೋರ್ಟು ಇದ್ದ ಜಾಗಕ್ಕೆ ಕೈ ತಾನಾಗಿ ಹೋಗುತ್ತದೆ. ಏನೂ ಇಲ್ಲ.

ಸೆಲ್ವಿ ತನ್ನ ಪಾಳಿ ಮುಗಿಸಿ ನೋಡಲು ಬಂದಳು. ಸ್ಟೂಲು ಎಳೆದುಕೊಂಡು ಕುಳಿತಳು.

"ಪಾಟಿ, ನಾನು ನಿಮ್ಮ ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಬರಲಾ?" ತಮಿಳಿನಲ್ಲೇ ಕೇಳಿದಳು.

"ಬಿಡೋದಿಲ್ಲ."

"ಮತ್ತೆ ನನ್ನ ಅಡುಗೆಮನೆಗೆ ನೀವು ಯಾಕೆ ನೀರು ಬಿಟ್ರಿ?" ಎಂದು ನನ್ನ ಎದೆಯ ಬ್ಯಾಂಡೇಜಿನ ಕಡೆ ಬೆರಳು ತೋರಿಸಿದಳು.

ಐವತ್ತೆರಡು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದವರಿಲ್ಲ. ಹೇಳಿದೆ. ತಿಥಿ, ಸ್ನಾನ, ಹಾಲಿನ ಕವರು, ಎಲ್ಲ. ಬೆವರಲ್ಲ ಎಂದೂ ಹೇಳಿದೆ.

ಅವಳು ತಲೆಗೆ ಕೈಯಿಟ್ಟುಕೊಂಡಳು. "ಒರು ವಾರ್ತೆ ಪಾಟಿ! ಒಂದು ಮಾತು ಕೇಳಿದ್ರೆ ಡಾಕ್ಟರ್ ಎರಡು ದಿನ ತಳ್ಳಿ ಹಾಕಿರ್ತಿದ್ರು. ಪೊಂಗಲ್‌ಗೆ, ರಂಜಾನ್‌ಗೆ, ಕಲ್ಯಾಣಕ್ಕೆ ಎಲ್ಲರೂ ಕೇಳ್ತಾರೆ."

ಎಲ್ಲರೂ ಕೇಳುತ್ತಾರಂತೆ.

ಸೆಪ್ಟೆಂಬರ್ 2, ಮಂಗಳವಾರ

ಮನೆಗೆ ಬಂದು ಎರಡು ದಿನ. 98.4, 98.9. ರಂಜನಿ ಅಳೆಯುತ್ತಾಳೆ. ಫ್ಯಾಕ್ಟರಿಗೆ ಹೊರಡುವ ಮೊದಲು, ಬಂದ ತಕ್ಷಣ.

ಅವಳು ಆ ಭಾನುವಾರದ ಬಗ್ಗೆ ಗುರುಚರಣನಿಗೆ ಪೂರ್ತಿ ಹೇಳಿಲ್ಲ. ಚಾರ್ಟು ಎಲ್ಲಿಗೆ ಹೋಯಿತೋ. ಫ್ರಿಜ್ಜಿನ ಮೇಲೆ ಹೊಸದೊಂದು ಬಂದಿದೆ.

ಸೆಪ್ಟೆಂಬರ್ 5, ಶುಕ್ರವಾರ

ರಕ್ತ ಶುದ್ಧವಾಗಿದೆಯಂತೆ. ಎಡಗಡೆ ಹೊಸ ಪೋರ್ಟು ಹಾಕಿ, ಹೊಲಿಗೆ ಮಾಗಿದ ಮೇಲೆ ಕೀಮೋ ಮುಂದುವರಿಸುತ್ತಾರೆ. ಬರುವ ಮಂಗಳವಾರ, ಒಂಬತ್ತನೇ ತಾರೀಕಿಗೆ ಬನ್ನಿ ಎಂದರು ಡಾಕ್ಟರು.

ಹನ್ನೊಂದಕ್ಕೆ ಪಿತೃಪಕ್ಷದ ಪಂಚಮಿ. ಯಜಮಾನರಿಗೆ ಪಕ್ಷಶ್ರಾದ್ಧ.

ಈ ಸಲ ಕೇಳಿದೆ. "ಡಾಕ್ಟರೇ, ನಮ್ಮನೆಯಲ್ಲಿ ಹನ್ನೊಂದಕ್ಕೆ ಶ್ರಾದ್ಧ ಇದೆ. ಅದಾದ ಮೇಲೆ ಮಾಡಬಹುದಾ?" ಗುರುಚರಣ ನನ್ನ ಕಡೆ ತಿರುಗಿ ನೋಡಿದ್ದು ಗೊತ್ತಾಯಿತು.

"ಓ, ತಾರಾಳಮಾ ಅಮ್ಮಾ. ಹದಿನೈದಕ್ಕೆ ಮಾಡೋಣ," ಎಂದರು ಅವರು. ಕಂಪ್ಯೂಟರಿನಿಂದ ತಲೆಯನ್ನೂ ಎತ್ತಲಿಲ್ಲ. ಅಷ್ಟೇ ಹೊತ್ತು. ಅಷ್ಟು ಸುಲಭ.

"ತಡವಾದರೆ ನಷ್ಟವೇ?" ಎಂದೆ.

"ಆಗಲೇ ತುಂಬ ದಿನ ಹೋಗಿದೆ. ಆದಷ್ಟು ಬೇಗ ಆದ್ರೆ ಒಳ್ಳೇದು."

"ಹಾಗಾದರೆ ಒಂಬತ್ತಕ್ಕೇ ಮಾಡಿ," ಎಂದೆ. "ಮನೆಯಲ್ಲಿ ಸೊಸೆ ಇದ್ದಾಳೆ."

ಸೆಪ್ಟೆಂಬರ್ 11, ಗುರುವಾರ

ಎದೆಯ ಎಡಗಡೆ ಹೊಸ ಹೊಲಿಗೆ. ನೀರು ತಾಗಬಾರದು. ತಾಗಿಸಲಿಲ್ಲ.

ಅಡುಗೆಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು ಕುಳಿತೆ. ರಂಜನಿ ನನ್ನ ಮಡಿಸೀರೆ ಉಟ್ಟಿದ್ದಳು. ಕಚ್ಚೆ ಸೊಟ್ಟಗಿತ್ತು. ಉದ್ದು ಎಷ್ಟು, ಎಳ್ಳು ಎಷ್ಟು, ಹಾಗಲಕಾಯಿ ಎಷ್ಟು ದಪ್ಪ ಎಂದು ಪ್ರತಿಯೊಂದಕ್ಕೂ ತಿರುಗಿ ನೋಡುತ್ತಿದ್ದಳು. ಉಪ್ಪಿಗೆ ಬಂದಾಗ, "ಎಷ್ಟು ಅತ್ತೆ?" ಎಂದಳು.

"ಹಿಡಿಯಲ್ಲಿ ತಗೋ. ಸ್ವಲ್ಪ ಬಿಡು. ಇನ್ನೂ ಸ್ವಲ್ಪ. ಅಷ್ಟೇ. ಈಗ ನೋಡಬೇಡ, ಕೈಗೆ ಎಷ್ಟು ಭಾರ ಅನ್ನಿಸ್ತು ನೆನಪಿಟ್ಟುಕೋ."

"ಹದಿನೆಂಟು ಗ್ರಾಂ ಇರತ್ತೆ," ಎಂದಳು.

ಕೃತಿ ನಡುಮನೆಯಲ್ಲಿ ಕಿಸಕ್ಕನೆ ನಕ್ಕಳು.

ಎಣ್ಣೆ ಕಾದಿತ್ತು, ಅವಳು ವಡೆ ತಟ್ಟುವುದು ತಡವಾಗುತ್ತಿತ್ತು. ತಡೆಯಲಾರದೆ ಎದ್ದು ಹೊಸ್ತಿಲಿಗೆ ಕಾಲಿಟ್ಟೆ.

"ದೂರ ಅತ್ತೆ!" ಎಂದಳು. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಂದೆ ಸರಿದಳು. "ತಾಗ್ಬಿಡ್ತೀರಿ. ಕೂತ್ಕೊಳ್ಳಿ."

ನನ್ನ ಅಡುಗೆಮನೆಯಿಂದ ನನ್ನನ್ನೇ ಹೊರಗಟ್ಟಿದಳು. ಸಿಟ್ಟು ಬರುವವರೆಗೆ ಕಾದು ನಿಂತೆ. ಬರಲಿಲ್ಲ. ಹೋಗಿ ಕುಳಿತುಕೊಂಡೆ.

ಆಚಾರ್ಯರು ಊಟ ಮಾಡಿ ಎದ್ದರು. ವಡೆ ಒಂದೇ ಸಲ ಹಾಕಿಸಿಕೊಂಡರು.

ನಮ್ಮ ಊಟ ಮುಗಿದಾಗ ಮೂರು ದಾಟಿತ್ತು. ರಂಜನಿ ನನ್ನ ಎಲೆಯ ಮುಂದೆಯೇ ನಿಂತಿದ್ದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಚೆನ್ನಾಗಿದೆ ಎಂದೆ.

ಬೆಳಿಗ್ಗೆ 98.2, ಸಂಜೆ 99. ಚಾರ್ಟಿನಲ್ಲೂ ಅದೇ.

ಕೀಮೋ ಇಲ್ಲದೆ ಒಂದು ತಿಂಗಳಾದ್ದರಿಂದ ನಾಲಿಗೆಗೆ ರುಚಿ ತಿರುಗಿ ಬಂದಿದೆ. ಪಾಯಸಕ್ಕೆ ಬೆಲ್ಲ ಒಂದು ಹಿಡಿ ಕಡಿಮೆಯಾಗಿತ್ತು. ಮುಂದಿನ ವರ್ಷ ಹೇಳಿದರಾಯಿತು.